ಕಾರಿನ ಹೊಳಪು: ಬಣ್ಣ, ಎಂಜಿನ್ ಮತ್ತು ಒಳಾಂಗಣದ ಆರೈಕೆ

ಗೊಟಗೋಡಿ (ಶಿಗ್ಗಾಂವಿ ತಾಲ್ಲೂಕು): ಹುಬ್ಬಳ್ಳಿಯಿಂದ ಹಾವೇರಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ (ಹಳೆಯ ಸಂಖ್ಯೆ 4) ಪ್ರವಾಸಿಗರು ಕಾರು ನಿಲ್ಲಿಸುವ ತಾಣಗಳಲ್ಲಿ ಗೊಟಗೋಡಿಯೂ ಒಂದು. ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ್ ರಾಕ್ ಗಾರ್ಡನ್ ಇಲ್ಲಿದೆ. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೇ ಊರಿನದು. ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಬಣ್ಣದ ಶಿಲ್ಪಗಳಲ್ಲಿ ನೋಡಿ ಮರಳುವ ಹೊತ್ತಿಗೆ ಬಿಸಿಲಿನಲ್ಲಿ ನಿಂತ ಕಾರಿನ ಮೈಮೇಲೆ ತೆಳುವಾದ ಧೂಳು ಕುಳಿತಿರುತ್ತದೆ. ಚಾಲಕ ಬಾಗಿಲ ಸಂದಿಯಿಂದ ಒಣಬಟ್ಟೆ ತೆಗೆದು, ಬಾನೆಟ್ ಮೇಲೆ ನಾಲ್ಕು ಸುತ್ತು ತಿರುಗಿಸಿ ಒರೆಸುತ್ತಾನೆ. ಕಾರು ಥಳಥಳಿಸುತ್ತದೆ. ಅದರ ಬಣ್ಣ ಕೆಡುವುದು ಬಹುಪಾಲು ಆ ಒಂದು ನಿಮಿಷದಲ್ಲಿಯೇ.

ಬಯಲಿನಲ್ಲಿ ನಿಂತ ಶಿಲ್ಪದ ಬಣ್ಣ ಮಾಸಿದರೆ ಕುಂಚ ಹಿಡಿದು ಮತ್ತೊಮ್ಮೆ ಬಳಿಯಬಹುದು. ಕಾರ್ಖಾನೆಯಲ್ಲಿ ಬಳಿದ ಕಾರಿನ ಬಣ್ಣಕ್ಕೆ ಆ ಸೌಲಭ್ಯವಿಲ್ಲ. ಅದು ಒಮ್ಮೆ ದೊರೆಯುವ ಬಂಡವಾಳ. ಪ್ರತಿ ಗೀರೂ ಪ್ರತಿ ಪಾಲಿಶೂ ಅದರಿಂದ ಒಂದಿಷ್ಟನ್ನು ಖರ್ಚು ಮಾಡುತ್ತದೆ. ‘ಡೀಟೇಲಿಂಗ್’ ಎಂಬ ಹೆಸರಿನಲ್ಲಿ ನಗರಗಳಲ್ಲಿ ಬೆಳೆದಿರುವ ಉದ್ಯಮವನ್ನು ಅರಿಯಲು ಈ ಲೆಕ್ಕದಿಂದಲೇ ಆರಂಭಿಸಬೇಕು. ಕಾರಿನ ಹೊರಮೈ, ಎಂಜಿನ್ ಕೋಣೆ ಹಾಗೂ ಒಳಾಂಗಣವನ್ನು ಕೂಲಂಕಷವಾಗಿ ಶುಚಿಗೊಳಿಸಿ, ಸಾಧ್ಯವಾದಷ್ಟು ಮೂಲಸ್ಥಿತಿಗೆ ತಂದು, ಮತ್ತೆ ಕೆಡದಂತೆ ರಕ್ಷಣೆ ಒದಗಿಸುವುದಕ್ಕೆ ಡೀಟೇಲಿಂಗ್ ಎನ್ನುತ್ತಾರೆ. ರಸ್ತೆಬದಿಯ ‘ವಾಟರ್ ಸರ್ವಿಸ್’ಗೂ ಇದಕ್ಕೂ ವ್ಯತ್ಯಾಸವಿರುವುದು ಸಮಯದಲ್ಲಿ ಮತ್ತು ತಾಳ್ಮೆಯಲ್ಲಿ.

ಕೂದಲಿಗಿಂತ ತೆಳುವಾದ ಕವಚ

ಇಂದಿನ ಕಾರುಗಳ ಲೋಹದ ಮೇಲೆ ಮೊದಲು ತುಕ್ಕುನಿರೋಧಕ ಲೇಪ, ಅದರ ಮೇಲೆ ಪ್ರೈಮರ್, ಬಳಿಕ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ‘ಕ್ಲಿಯರ್ ಕೋಟ್’ ಇರುತ್ತದೆ. ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ ಈ ಕವಚ ಎಷ್ಟು ತೆಳುವೆಂಬುದು ತಿಳಿಯುತ್ತದೆ. ಹೊಳಪು ಇರುವುದೂ, ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ಶಕ್ತಿ ಇರುವುದೂ ಇದರಲ್ಲಿಯೇ. ಇದು ಸವೆದು ಹೋದ ಕಡೆ ಬಣ್ಣ ಸುಣ್ಣದ ಗೋಡೆಯಂತೆ ಬಿಳಚಿಕೊಂಡು, ಹಪ್ಪಳದಂತೆ ಏಳುತ್ತದೆ. ಛಾವಣಿ ಮತ್ತು ಬಾನೆಟ್ ಮೊದಲು ಈ ಗತಿ ಕಾಣುತ್ತವೆ, ಏಕೆಂದರೆ ನೆತ್ತಿಯ ಬಿಸಿಲು ನೇರವಾಗಿ ಬೀಳುವುದು ಅಲ್ಲಿಗೆ.

ಅಂಬಾಸಿಡರ್ ಹಾಗೂ ಪ್ರೀಮಿಯರ್ ಪದ್ಮಿನಿಯ ಕಾಲದ ಹಳೆಯ ಬಣ್ಣಗಳಿಗೆ ಇಂಥ ಪ್ರತ್ಯೇಕ ಕವಚ ಇರುತ್ತಿರಲಿಲ್ಲ. ಉಜ್ಜಿದರೆ ಮಾಸಿದ ಮೇಲ್ಪದರ ಹೋಗಿ, ಬಟ್ಟೆಗೆ ಬಣ್ಣ ಹತ್ತಿ, ಅಡಿಯ ಹೊಸ ಬಣ್ಣ ಹೊಳೆಯುತ್ತಿತ್ತು. ಉಜ್ಜಿದಷ್ಟೂ ಹೊಳಪು ಎಂಬ ನಂಬಿಕೆ, ಬೆಳಗಾಗೆದ್ದು ಒಣಬಟ್ಟೆಯಲ್ಲಿ ಒರೆಸುವ ಶಿಸ್ತು, ಸೀಮೆಎಣ್ಣೆ ಹಚ್ಚುವ ರೂಢಿ ಎಲ್ಲವೂ ಆ ಕಾಲದ ಚಾಲಕರಿಂದ ಬಂದ ಬಳುವಳಿ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ರೂಢಿ ಮಾತ್ರ ನಿಂತಿಲ್ಲ. ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಒಂದೇ ಬಕೆಟ್ಟು, ಒಂದೇ ಬಟ್ಟೆಯಿಂದ ಬೆಳಗಿನ ಜಾವ ಹತ್ತಾರು ಕಾರುಗಳನ್ನು ಒರೆಸುವ ಪದ್ಧತಿಯೂ ಇದರದೇ ಮುಂದುವರಿಕೆ. ಮೊದಲ ಕಾರಿನ ಮರಳು ಹತ್ತನೆಯ ಕಾರಿಗೆ ಗೀರು ಹಾಕುತ್ತದೆ. ಇದರಲ್ಲಿ ಒರೆಸುವ ಕಾರ್ಮಿಕನ ತಪ್ಪಿಗಿಂತ, ಬಟ್ಟೆ ತೊಳೆಯಲು ನೀರನ್ನೂ ಬಿಡುವನ್ನೂ ಒದಗಿಸದ ವ್ಯವಸ್ಥೆಯ ತಪ್ಪು ದೊಡ್ಡದು.

ಧೂಳು ನೋಡಲು ಮೃದು, ಆದರೆ ಅದರಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಮೋಸ್ ಗಡಸುತನದ ಮಾಪಕದಲ್ಲಿ ಬೆಣಚುಕಲ್ಲಿಗೆ 7ನೆಯ ಸ್ಥಾನ; ಗಾಜನ್ನೂ ಗೀರಬಲ್ಲ ಕಲ್ಲು ಅದು. ಕ್ಲಿಯರ್ ಕೋಟ್ ಎಂಬುದಾದರೋ ಒಂದು ಬಗೆಯ ಪ್ಲಾಸ್ಟಿಕ್. ದಕ್ಷಿಣದ ಕೆಂಪುಮಣ್ಣಿನಲ್ಲಿ ಈ ಕಣಗಳು ಹೇರಳ. ಹಾವೇರಿ, ಧಾರವಾಡ, ಗದಗ ಭಾಗದ ಎರೆಮಣ್ಣಿನ ಸ್ವಭಾವ ಬೇರೆ: ನೀರು ಕುಡಿದು ಉಬ್ಬಿ, ಅಂಟಾಗಿ ಹಿಡಿದು, ಒಣಗಿದ ಮೇಲೆ ಗಟ್ಟಿ ಹೆಂಟೆಯಾಗುತ್ತದೆ. ಚಕ್ರದ ಕಮಾನಿನೊಳಗೆ ಕುಳಿತ ಎರೆಮಣ್ಣು ವಾರಗಟ್ಟಲೆ ತೇವ ಹಿಡಿದಿಟ್ಟುಕೊಂಡು ತುಕ್ಕಿಗೆ ದಾರಿ ಮಾಡುತ್ತದೆ. ಎರಡು ಮಣ್ಣಿಗೂ ಮದ್ದು ಒಂದೇ. ಒರೆಸುವ ಮೊದಲು ನೀರು ಹಾಯಿಸಿ ನೆನೆಸಬೇಕು, ಸಡಿಲವಾದುದನ್ನು ಇಳಿಸಬೇಕು, ಆಮೇಲಷ್ಟೇ ಕೈ ಹಾಕಬೇಕು.

ತೊಳೆಯಲು ಎರಡು ಬಕೆಟ್ ಬೇಕು. ಒಂದರಲ್ಲಿ ಕಾರಿನ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರು. ಮೇಲಿನಿಂದ ಕೆಳಕ್ಕೆ, ನೆರಳಿನಲ್ಲಿ, ಒಂದು ಭಾಗ ಮುಗಿದೊಡನೆ ಬಟ್ಟೆ ಜಾಲಿಸಿ ಮುಂದಿನದಕ್ಕೆ ಹೋಗಬೇಕು. ಕೈಯನ್ನು ಸುತ್ತುಸುತ್ತಾಗಿ ಆಡಿಸದೆ ನೇರವಾಗಿ ಎಳೆಯುವುದು ಲೇಸು. ಬಿಸಿಲಿನಲ್ಲಿ ಕಪ್ಪು ಕಾರಿನ ಮೇಲೆ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರಬಲೆಯಂತೆ ಕಾಣುವ ವೃತ್ತಗಳು ವಾಸ್ತವವಾಗಿ ಎಲ್ಲ ದಿಕ್ಕಿಗೂ ಹರಡಿದ ಸಣ್ಣ ಗೀರುಗಳು. ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿಂಚುವುದರಿಂದ ಕಣ್ಣಿಗೆ ವೃತ್ತದಂತೆ ತೋರುತ್ತವೆ. ಪಾತ್ರೆ ತೊಳೆಯುವ ಸೋಪು ಜಿಡ್ಡನ್ನು ತೆಗೆಯುವಂತೆ ಬಣ್ಣದ ಮೇಲಿನ ಮೇಣವನ್ನೂ ತೆಗೆದುಬಿಡುತ್ತದೆ. ಚಕ್ರ ತೊಳೆದ ಬಟ್ಟೆ ಬಾನೆಟ್ಟಿಗೆ ಬರಕೂಡದು. ಕೈಜಾರಿ ನೆಲಕ್ಕೆ ಬಿದ್ದ ಬಟ್ಟೆಯೂ ಅಷ್ಟೆ.

ಹಾಗಾದರೆ ಹೆದ್ದಾರಿಯ ನಡುವೆ ನಿಂತಾಗ ಮಾಡಬೇಕಾದುದೇನು? ಮುಂದಿನ ಗಾಜು, ದೀಪ, ಕನ್ನಡಿಗಳನ್ನು ನೀರು ಹಾಕಿ ಶುಚಿಗೊಳಿಸುವುದು; ಉಳಿದ ಧೂಳನ್ನು ಮನೆ ತಲುಪುವವರೆಗೆ ಹಾಗೆಯೇ ಬಿಡುವುದು. ಸುಮ್ಮನೆ ಕುಳಿತ ಧೂಳು ಬಣ್ಣಕ್ಕೆ ಹೆಚ್ಚಿನ ಹಾನಿ ಮಾಡದು. ಆದರೆ ಹಕ್ಕಿಯ ಹಿಕ್ಕೆ ಮತ್ತು ರಾತ್ರಿಯ ಪಯಣದಲ್ಲಿ ಅಪ್ಪಳಿಸಿದ ಹುಳುಗಳ ಮಾತು ಬೇರೆ. ಬಿಸಿಲಿಗೆ ಕಾದು ಮೆತ್ತಗಾದ ಕ್ಲಿಯರ್ ಕೋಟನ್ನು ಇವು ಕೊರೆಯುತ್ತವೆ. ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲಿಟ್ಟು, ನೆನೆದ ಬಳಿಕ ಎತ್ತಿ ತೆಗೆಯಬೇಕು. ನೆರಳಿಗೆಂದು ಮಾವಿನ ಮರದಡಿ ನಿಲ್ಲಿಸುವವರಿಗೆ ಜಿಗಿಹುಳುವಿನ ಸಿಹಿ ಅಂಟಿನ ಕಾಟವೂ ತಪ್ಪಿದ್ದಲ್ಲ.

ನೀರಿನ ಪ್ರಶ್ನೆ

ಬಯಲುಸೀಮೆಯ ಬಹಳಷ್ಟು ಕೊಳವೆಬಾವಿಗಳ ನೀರು ಗಡಸು. ಕಾರಿನ ಮೇಲೆ ಹನಿ ತಾನಾಗಿ ಆರಿದರೆ ಸುಣ್ಣದಂಶ ಬಿಳಿಯ ಉಂಗುರವಾಗಿ ಉಳಿಯುತ್ತದೆ. ತೊಳೆದೊಡನೆ ದಪ್ಪ ಮೈಕ್ರೋಫೈಬರ್ ಬಟ್ಟೆಯನ್ನು ಹಾಸಿ ನೀರು ಹೀರಿಸುವುದೇ ಇದಕ್ಕೆ ಸುಲಭ ಪರಿಹಾರ. ಹಳೆಯ ಕಲೆಗೆ ಸಮಪಾಲು ನೀರು ಬೆರೆಸಿದ ಬಿಳಿ ವಿನೆಗರ್ ಹಚ್ಚಿ, ಒಂದೆರಡು ನಿಮಿಷದಲ್ಲಿ ತೊಳೆದುಬಿಡಬಹುದು. ಅದನ್ನು ಹಚ್ಚಿ ಬಿಸಿಲಿನಲ್ಲಿ ಬಿಟ್ಟರೆ ಕಲೆಗಿಂತ ಮದ್ದೇ ದೊಡ್ಡ ಕಲೆ ಮಾಡೀತು.

2024ರ ಮಾರ್ಚ್‌ನಲ್ಲಿ ಬೆಂಗಳೂರು ನೀರಿಗಾಗಿ ಪರದಾಡಿದಾಗ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ಉಲ್ಲಂಘಿಸಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಆ ಬೇಸಿಗೆಯಲ್ಲಿ ಹಲವರಿಗೆ ಹೊಳೆದ ಸಂಗತಿಯೆಂದರೆ, ಪೈಪು ಬಿಟ್ಟು ನಿಲ್ಲುವ ಬದಲು ಎರಡು ಬಕೆಟ್ಟಿನ ಕ್ರಮ ಅನುಸರಿಸಿದರೆ ಸಣ್ಣ ಕಾರೊಂದಕ್ಕೆ 30-40 ಲೀಟರ್ ನೀರು ಸಾಕು ಎಂಬುದು. ನೀರಿಲ್ಲದೆ ತೊಳೆಯುವ ದ್ರಾವಣಗಳೂ ಪೇಟೆಯಲ್ಲಿವೆ. ನಗರದ ತೆಳುಧೂಳಿಗೆ ಅವು ಆದೀತು. ಹೊಲದ ದಾರಿಯ ಕೆಸರಿಗೆ ಆಗದು.

ಪೂಜೆಯ ಮರುದಿನ

ಖಂಡೇನವಮಿಯಂದು, ದಕ್ಷಿಣದವರ ಮಾತಿನಲ್ಲಿ ಆಯುಧಪೂಜೆಯಂದು, ರಾಜ್ಯದಲ್ಲಿ ಕಾರು ತೊಳೆಸಿಕೊಳ್ಳದೆ ಉಳಿಯುವುದು ಅಪರೂಪ. ಬಣ್ಣಕ್ಕೆ ಅತಿ ಹೆಚ್ಚು ಕಲೆ ಬೀಳುವ ದಿನವೂ ಅದೇ. ಒದ್ದೆ ಕುಂಕುಮ, ಅರಿಸಿನ, ವಿಭೂತಿಗಳು ಬಾನೆಟ್ ಮೇಲೆ ಒಣಗಲು ಬಿಟ್ಟರೆ, ವಿಶೇಷವಾಗಿ ಬಿಳಿಯ ಕಾರಿಗೆ, ನೆರಳಿನಂಥ ಗುರುತು ಉಳಿಯುತ್ತದೆ. ವಿಭೂತಿಯನ್ನು ಒಣಬಟ್ಟೆಯಲ್ಲಿ ಒರೆಸುವುದೆಂದರೆ ನಯವಾದ ಮರಳುಕಾಗದ ಆಡಿಸಿದಂತೆಯೇ. ಕುಂಕುಮವನ್ನು ಬಣ್ಣದ ಬದಲು ಗಾಜಿಗೂ ನಂಬರ್ ಪ್ಲೇಟಿನ ಬದಿಯ ಪ್ಲಾಸ್ಟಿಕ್‌ಗೂ ಹಚ್ಚಿ, ಸಂಜೆಯೊಳಗೆ ನೀರು ಹಾಯಿಸಿ ತೆಗೆದರೆ ಭಕ್ತಿಗೂ ಬಣ್ಣಕ್ಕೂ ಕೊರತೆಯಾಗದು. ಚಕ್ರದಡಿ ಸಿಡಿದ ನಿಂಬೆಹಣ್ಣಿನ ರಸವನ್ನೂ ಅದೇ ದಿನ ತೊಳೆಯಬೇಕು. ಅರಿಸಿನದ ಕಲೆಗೆ ಕ್ಷಾರಗುಣದ ಸೋಪು ಬಿದ್ದರೆ ಅದು ಕೆಂಪಾಗುತ್ತದೆ. ಗಾಬರಿಪಡಬೇಕಿಲ್ಲ, ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವವರಿಗೆ ಇದು ಗೊತ್ತಿದ್ದ ವಿದ್ಯೆ. ಅರಿಸಿನದ ಬಣ್ಣ ಬಿಸಿಲಿಗೆ ತಾನಾಗಿ ಮಾಸುತ್ತದೆ.

ಪಾಲಿಶ್, ಮೇಣ, ಸೆರಾಮಿಕ್

ಪಾಲಿಶ್ ಮತ್ತು ಮೇಣ ಒಂದೇ ಎಂದು ತಿಳಿದವರು ಬಹಳ. ಮೇಣವು ಕೂಡಿಸುತ್ತದೆ, ಪಾಲಿಶ್ ಕಳೆಯುತ್ತದೆ. ಗೀರಿನ ಅಂಚುಗಳನ್ನು ಸವೆಸಿ ಸುತ್ತಲಿನ ಮಟ್ಟಕ್ಕೆ ತರುವುದೇ ಪಾಲಿಶ್. ಯಂತ್ರದಿಂದ ಒಮ್ಮೆ ಮಾಡಿದರೆ ಒಂದರಿಂದ ಮೂರು ಮೈಕ್ರಾನಿನಷ್ಟು, ಒರಟು ಕಾಂಪೌಂಡ್ ಬಳಸಿದರೆ ಅದಕ್ಕಿಂತ ಹೆಚ್ಚು ಕ್ಲಿಯರ್ ಕೋಟ್ ಹೋಗುತ್ತದೆ. ಅತಿನೇರಳೆ ಕಿರಣ ತಡೆಯುವ ಅಂಶ ಮೇಲ್ಭಾಗದಲ್ಲಿ ಸವೆದಂತೆ ಉಳಿದ ಬಣ್ಣದ ಆಯುಷ್ಯವೂ ಕುಗ್ಗುತ್ತದೆ. ಆದುದರಿಂದ ಪ್ರತಿ ಸರ್ವಿಸಿನಲ್ಲಿಯೂ ‘ರಬ್ಬಿಂಗ್ ಪಾಲಿಶ್’ ಮಾಡಿಸುವುದು ಆರೈಕೆಯಲ್ಲ, ಸವೆತ. ಉಗುರಿಗೆ ತಗಲುವಷ್ಟು ಆಳದ ಗೀರನ್ನು ಪಾಲಿಶ್‌ನಿಂದ ಪೂರ್ತಿ ತೆಗೆಯಲು ಹೋಗಬಾರದು. ಅಂಚು, ಮೂಲೆಗಳಲ್ಲಿ ಪದರ ಇನ್ನೂ ತೆಳು; ನುರಿತ ಕೆಲಸಗಾರರು ಅಲ್ಲಿಗೆ ಪಟ್ಟಿ ಅಂಟಿಸಿಯೇ ಯಂತ್ರ ಹಿಡಿಯುತ್ತಾರೆ. ಬಣ್ಣದ ದಪ್ಪ ಅಳೆಯುವ ಮಾಪಕ ಇಟ್ಟುಕೊಳ್ಳದೆ ಪಾಲಿಶ್ ಯಂತ್ರ ಎತ್ತುವವರಿಗೆ ಕಾರು ಒಪ್ಪಿಸದಿರುವುದು ಒಳಿತು.

ಒಂದು ಕಾಲದಲ್ಲಿ ಷೋರೂಮುಗಳು ಹೊಸ ಕಾರಿನೊಡನೆ ‘ಟೆಫ್ಲಾನ್ ಕೋಟಿಂಗ್’ ಮಾರುತ್ತಿದ್ದವು. ದೋಸೆಯ ಕಾವಲಿಗೆ ಟೆಫ್ಲಾನ್ ಹಿಡಿಯಬೇಕಾದರೆ 300 ಡಿಗ್ರಿಗೂ ಹೆಚ್ಚಿನ ಶಾಖ ಬೇಕು. ಕಾರನ್ನು ಹಾಗೆ ಬೇಯಿಸಲಾಗದು. ಉಳಿಯುತ್ತಿದ್ದುದು ಕೆಲವು ತಿಂಗಳು ಬಾಳುವ ಮೇಣದಂಥ ಲೇಪ ಮಾತ್ರ. ಈಗ ಆ ಸ್ಥಾನಕ್ಕೆ ಸೆರಾಮಿಕ್ ಕೋಟಿಂಗ್ ಬಂದಿದೆ. ಇದು ಮೇಣಕ್ಕಿಂತ ಹೆಚ್ಚು ಕಾಲ ಬಾಳುತ್ತದೆ, ಕೊಳೆ ಸುಲಭವಾಗಿ ಬಿಡುತ್ತದೆ, ರಾಸಾಯನಿಕಗಳನ್ನು ತಡೆಯುತ್ತದೆ. ಆದರೆ ಅದರ ದಪ್ಪ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ಅಷ್ಟೆ. ಮುಂದಿನ ಲಾರಿಯ ಚಕ್ರದಿಂದ ಸಿಡಿದ ಜಲ್ಲಿಯನ್ನು ಅದು ತಡೆಯಲಾರದು. ಜಾಹೀರಾತಿನಲ್ಲಿ ಕಾಣುವ ‘9ಎಚ್’ ಎಂಬುದು ಪೆನ್ಸಿಲ್ ಗೀರಿನ ಪರೀಕ್ಷೆಯ ಅಳತೆ. ಅದನ್ನು ಮಾಣಿಕ್ಯಕ್ಕೆ 9ನೆಯ ಸ್ಥಾನ ಕೊಡುವ ಮೋಸ್ ಮಾಪಕದೊಡನೆ ಬೆರೆಸಿ ಹೇಳುವ ಮಾರಾಟಗಾರರಿದ್ದಾರೆ. ಕಲ್ಲಿನೇಟು ತಡೆಯಬಲ್ಲುದು ಸುಮಾರು 150ರಿಂದ 200 ಮೈಕ್ರಾನ್ ದಪ್ಪದ ಪಾರದರ್ಶಕ ಪಾಲಿಯುರೆಥೇನ್ ಹಾಳೆ. ಇಡೀ ಕಾರಿಗೆ ಅದು ದುಬಾರಿ; ಬಾನೆಟ್, ಬಂಪರ್‌ಗಳಿಗಷ್ಟೇ ಹಾಕಿಸಿಕೊಳ್ಳುವವರೂ ಇದ್ದಾರೆ.

ಬಾನೆಟ್ ತೆರೆದಾಗ

ಎಂಜಿನ್ ಕೋಣೆಯ ಶುಚಿತ್ವದ ಲಾಭ ಅಂದವಲ್ಲ. ಶುಚಿಯಾದ ಎಂಜಿನ್ನಿನಲ್ಲಿ ಆಯಿಲ್ ಅಥವಾ ಕೂಲೆಂಟ್ ಸೋರಿಕೆ ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ. ಮಣ್ಣು ಮೆತ್ತಿದ ಎಂಜಿನ್ನಿನಲ್ಲಿ ಅದು ಎಂಜಿನ್ ಕಾದು ನಿಂತ ಮೇಲೆ ತಿಳಿಯುತ್ತದೆ.

ಎಂಜಿನ್ ಪೂರ್ತಿ ತಣಿದಿರಬೇಕು. ಕೆಂಪಗೆ ಕಾದ ಎಕ್ಸಾಸ್ಟ್ ಭಾಗಗಳಿಗೆ ತಣ್ಣೀರು ಬಿದ್ದರೆ ಲೋಹ ಬಿರಿಯಬಹುದು. ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ, ಗಾಳಿ ಒಳಸೇರುವ ಬಾಯಿಗಳನ್ನು ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ, ಮೊದಲು ಬ್ರಷ್‌ನಿಂದ ಒಣಧೂಳು ತೆಗೆದು, ಜಿಡ್ಡು ಕರಗಿಸುವ ದ್ರಾವಣ ಸಿಂಪಡಿಸಿ, ಒದ್ದೆ ಬಟ್ಟೆಯಿಂದ ಒರೆಸುವುದೇ ಸುರಕ್ಷಿತ ಕ್ರಮ. ವಾಟರ್ ಸರ್ವಿಸಿನ ರಭಸದ ನೀರನ್ನು ಇಲ್ಲಿ ಬಿಡಲೇಬಾರದು. ಇಂದಿನ ಎಂಜಿನ್ನಿನ ಸುತ್ತ ಸೆನ್ಸರುಗಳೂ ವೈರಿನ ಕೀಲುಗಳೂ ತುಂಬಿರುತ್ತವೆ. ವಯಸ್ಸಾದ ರಬ್ಬರ್ ಸೀಲು ದಾಟಿ ಒಳಹೊಕ್ಕ ನೀರಿನಿಂದಾಗುವ ತೊಂದರೆ ಕೆಲವೊಮ್ಮೆ ವಾರಗಳ ನಂತರ ತಲೆಯೆತ್ತುತ್ತದೆ. ರೇಡಿಯೇಟರಿನ ತೆಳ್ಳನೆಯ ಅಲ್ಯೂಮಿನಿಯಂ ಎಲೆಗಳೂ ಆ ರಭಸಕ್ಕೆ ಮಡಿಚಿಕೊಳ್ಳುತ್ತವೆ. ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ ಎಂದರೆ ಅಧಿಕ ವೋಲ್ಟೇಜು. ಅಲ್ಲಿಗೆ ಮನೆಯವರಾಗಲಿ, ಬೀದಿಬದಿಯ ಸರ್ವಿಸಿನವರಾಗಲಿ ಕೈ ಹಾಕಕೂಡದು.

ತೊಳೆದ ನಂತರ ಎಂಜಿನ್ನಿಗೂ ಅಡಿಭಾಗಕ್ಕೂ ಡೀಸೆಲ್ ಸಿಂಪಡಿಸಿ ಮಿಂಚಿಸುವ ಪದ್ಧತಿ ಇನ್ನೂ ಹಲವು ಕಡೆ ಇದೆ. ಡೀಸೆಲ್ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ಎರಡೇ ದಿನದಲ್ಲಿ ದುಪ್ಪಟ್ಟು ಧೂಳು ಹಿಡಿಯುತ್ತದೆ, ಜೊತೆಗೆ ಬೆಂಕಿಗೆ ಆಹಾರ. ಅದು ಬೇಡವೆಂದು ಮೊದಲೇ ಹೇಳಿ ಕಾರು ಬಿಡಬೇಕು.

ಬ್ಯಾಟರಿಯ ತುದಿಗಳಲ್ಲಿ ಕಾಣುವ ಬಿಳಿ ಅಥವಾ ಹಸಿರು-ನೀಲಿ ಹುಡಿಯನ್ನು ಬರಿಗೈಯಿಂದ ಮುಟ್ಟಬಾರದು. ಮೊದಲು ಋಣ ತುದಿಯ ತಂತಿ ಬಿಚ್ಚಿ, ಅಡುಗೆ ಸೋಡಾ ಕದಡಿದ ನೀರನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಹಚ್ಚಿ ತಿಕ್ಕಿ, ಒಣಗಿಸಿ, ತುದಿಗೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಗಾಜಿನ ಬುಡದ ಜಾಲರಿಯಲ್ಲಿ ಸೇರಿದ ತರಗೆಲೆಗಳನ್ನು ಮಳೆಗಾಲಕ್ಕೆ ಮುನ್ನ ತೆಗೆಯದಿದ್ದರೆ ನೀರಿನ ದಾರಿ ಕಟ್ಟಿ, ಅದು ಕಾರಿನೊಳಗೆ ಇಳಿಯುತ್ತದೆ. ಇಲಿಗಳು ಗೂಡು ಕಟ್ಟುವುದೂ ಆ ಎಲೆಗಳಲ್ಲಿಯೇ.

ಸುಗ್ಗಿಯ ಕಾಲದ ಒಂದು ಅಪಾಯವನ್ನು ಇಲ್ಲಿಯೇ ಹೇಳಬೇಕು. ರಾಗಿ, ಹುರುಳಿಯನ್ನು ಒಕ್ಕಣೆಗಾಗಿ ರಸ್ತೆಗೆ ಹರಡುವ ರೂಢಿ ರಾಜ್ಯದ ಅನೇಕ ಕಡೆ ಇದೆ. ಹುರುಳಿಯ ಬಳ್ಳಿ ಕಾರಿನ ಅಡಿಯ ಆಕ್ಸಲ್‌ಗೆ ಸುತ್ತಿಕೊಂಡು, ನೂರಾರು ಡಿಗ್ರಿ ಕಾದಿರುವ ಎಕ್ಸಾಸ್ಟ್ ಕೊಳವೆಗೆ ತಗಲಿ ಹೊತ್ತಿಕೊಂಡು, ಕಾರುಗಳು ಸುಟ್ಟ ಘಟನೆಗಳು ಹಲವು ಬಾರಿ ವರದಿಯಾಗಿವೆ. ಅಂಥ ರಸ್ತೆ ದಾಟಿದ ಮೇಲೆ ಸ್ವಲ್ಪ ದೂರದಲ್ಲಿ, ಹುಲ್ಲಿಲ್ಲದ ಜಾಗದಲ್ಲಿ ನಿಲ್ಲಿಸಿ ಅಡಿಗೆ ಬಗ್ಗಿ ನೋಡಬೇಕು. ಹೊಗೆ ಕಂಡರೆ ಎಂಜಿನ್ ಆರಿಸಿ ಎಲ್ಲರೂ ಇಳಿದು ದೂರ ಸರಿಯಬೇಕು. ಬಾನೆಟ್ ಎತ್ತಿದರೆ ಗಾಳಿ ಸಿಕ್ಕು ಬೆಂಕಿ ಹೆಚ್ಚುತ್ತದೆ.

ಒಳಾಂಗಣ

ಒಳಗಿನ ಕೆಲಸದ ಮೊದಲ ನಿಯಮ ಒಣಗಿದ್ದನ್ನು ಒಣಗಿದ್ದಾಗಲೇ ತೆಗೆಯುವುದು. ಕಾಲೊರೆಸಿನ ಎರೆಮಣ್ಣಿಗೆ ನೀರು ಹಾಕಿದರೆ ಅದು ಎಳೆಯೊಳಗೆ ಇಳಿಯುತ್ತದೆ. ಬಿಸಿಲಿನಲ್ಲಿ ಒಣಗಿಸಿ ಬಡಿದರೆ ಉದುರುತ್ತದೆ. ಬಳಿಕ ವ್ಯಾಕ್ಯೂಮ್, ಕೊನೆಗೆ ಒದ್ದೆ ಬಟ್ಟೆ. ಸೀಟಿನ ಅಡಿಯಲ್ಲಿ ಕಾಣುವ ಹಳದಿ ಕೀಲುಗಳು ಏರ್‌ಬ್ಯಾಗಿಗೆ ಸೇರಿದವು. ಅವನ್ನು ಎಳೆಯಬಾರದು, ನೆನೆಸಲೂಬಾರದು. ಸೀಟ್‌ಬೆಲ್ಟಿಗೆ ಬ್ಲೀಚ್ ತಗಲಿದರೆ ಎಳೆ ಬಲ ಕಳೆದುಕೊಳ್ಳುತ್ತದೆ. ಸೌಮ್ಯ ಸೋಪಿನ ನೀರು ಸಾಕು.

ಬ್ಯಾಡಗಿ ಮೆಣಸಿನಕಾಯಿಯ ಚೀಲವನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಊರಿಗೆ ಮರಳುವ ನಗರವಾಸಿಗಳಿಗೆ ಒಂದು ಸೂಚನೆ. ಅದರ ಖಾರವೂ ಕೆಂಪೂ ನೀರಿನಲ್ಲಿ ಕರಗುವಂಥವಲ್ಲ, ಎಣ್ಣೆಯಲ್ಲಿ ಕರಗುವಂಥವು. ಬರಿಯ ನೀರಿನಲ್ಲಿ ಒರೆಸಿದರೆ ಕಲೆ ಹರಡುತ್ತದೆ. ಜಿಡ್ಡು ತೆಗೆಯುವ ಸೋಪಿನ ನೊರೆಯನ್ನು ಹಚ್ಚಿ ಒತ್ತಿ ತೆಗೆದು, ಡಿಕ್ಕಿ ತೆರೆದು ಬಿಸಿಲಿಗಿಟ್ಟರೆ ಉಳಿದ ಕೆಂಪು ಮಾಸುತ್ತದೆ.

ಡ್ಯಾಶ್‌ಬೋರ್ಡಿಗೆ ಜಿಡ್ಡುಜಿಡ್ಡಾದ ಸಿಲಿಕೋನ್ ಪಾಲಿಶ್ ಹಚ್ಚಿದರೆ ಅದರ ಬಿಂಬ ಮುಂದಿನ ಗಾಜಿನಲ್ಲಿ ಮೂಡಿ ದಾರಿ ಮಸುಕಾಗುತ್ತದೆ. ಅದೇ ದ್ರಾವಣ ಸ್ಟೀರಿಂಗಿಗೋ ಪೆಡಲ್‌ಗೋ ತಾಗಿದರೆ ಅಪಘಾತಕ್ಕೆ ಆಹ್ವಾನ. 2020ರ ಕೊರೊನಾ ಕಾಲದಲ್ಲಿ ಸ್ಯಾನಿಟೈಸರ್ ಸುರಿದು ಒರೆಸಿದ ಎಷ್ಟೋ ಕಾರುಗಳಲ್ಲಿ ಚರ್ಮದ ಹೊದಿಕೆ ಬಿರಿದು, ಪರದೆಯ ಲೇಪ ಕಿತ್ತುಹೋಯಿತು. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದುದ್ದಕ್ಕೂ ಮುಚ್ಚಿಟ್ಟ ಕಾರಿಗೆ ಬೂಷ್ಟು ಹಿಡಿಯುವುದು ಸಾಮಾನ್ಯ. ಸುಗಂಧದ್ರವ್ಯದಿಂದ ವಾಸನೆ ಅಡಗುತ್ತದೆಯೇ ಹೊರತು ಬೂಷ್ಟು ಹೋಗದು. ಎಸಿಯ ಕ್ಯಾಬಿನ್ ಫಿಲ್ಟರ್ ಬದಲಿಸಿ, ಬಿಸಿಲು ಬಿದ್ದ ದಿನ ನಾಲ್ಕೂ ಬಾಗಿಲು ತೆರೆದಿಡಬೇಕು.

ಹಳೆಯ ಕಾರು ಕೊಳ್ಳುವವರು ನೋಡಬೇಕಾದುದು

ಡೀಟೇಲಿಂಗ್ ಮರೆಮಾಚಲೂ ಬಲ್ಲುದು. 2019ರ ಆಗಸ್ಟ್‌ನ ನೆರೆಯಲ್ಲಿ ಹಾವೇರಿ ಸೇರಿದಂತೆ ಉತ್ತರ ಕರ್ನಾಟಕದ ಜಿಲ್ಲೆಗಳೂ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳೂ ಮುಳುಗಿದಾಗ ನೀರು ಕುಡಿದ ಕಾರುಗಳು ಹಲವು. ಅಂಥ ಕಾರನ್ನು ಮೂರು ದಿನದ ಕೆಲಸದಲ್ಲಿ ಹೊಸದರಂತೆ ಕಾಣಿಸಬಹುದು. ಕಾಣಿಸಲಾಗದ ಜಾಗಗಳೂ ಇವೆ. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಸರುನೀರಿನ ಗೆರೆ ಕಾಣಬಹುದು. ಸೀಟಿನ ಕಂಬಿಯ ತುಕ್ಕು, ಸ್ಟೆಪ್ನಿ ಇಡುವ ಗುಳಿಯ ಮೂಲೆಯ ಮಣ್ಣು, ದೀಪದೊಳಗಿನ ಹಬೆ ಸುಳ್ಳು ಹೇಳುವುದಿಲ್ಲ. ಹತ್ತು ವರ್ಷದ ಕಾರಿನಲ್ಲಿ ಹೊಸ ಸುಗಂಧ ಘಮಘಮಿಸುತ್ತಿದ್ದರೆ ಕಿಟಕಿ ಮುಚ್ಚಿ ಹತ್ತು ನಿಮಿಷ ಕುಳಿತು ನೋಡಬೇಕು.

ಬಣ್ಣದ ಮಾಪಕವೂ ನೆರವಾಗುತ್ತದೆ. ಎಲ್ಲೆಡೆ 120 ಮೈಕ್ರಾನ್ ತೋರಿಸಿ ಒಂದು ಬಾಗಿಲಿನಲ್ಲಿ 250 ತೋರಿಸಿದರೆ ಅದು ಮತ್ತೆ ಬಳಿದದ್ದು. 500 ದಾಟಿದರೆ ಅಡಿಯಲ್ಲಿ ಪುಟ್ಟಿ ಇದೆ. 80ಕ್ಕಿಂತ ಕಡಿಮೆಯಿದ್ದರೆ ಹಿಂದಿನ ಮಾಲೀಕ ಪಾಲಿಶ್ ಪ್ರಿಯನಾಗಿದ್ದ ಸಾಧ್ಯತೆ ಉಂಟು. ಎಂಜಿನ್ ಕೋಣೆ ಕನ್ನಡಿಯಂತೆ ಮಿಂಚುತ್ತಿದ್ದರೆ ಅದೇ ದಿನ ಮುಂಗಡ ಕೊಡದೆ, 40-50 ಕಿಲೋಮೀಟರ್ ಓಡಿಸಿದ ನಂತರ ಮತ್ತೊಮ್ಮೆ ಬಾನೆಟ್ ತೆರೆಸಿ, ಎಂಜಿನ್ನಿನ ಅಡಿಗೆ ಬಿಳಿಯ ಕಾಗದ ಹಾಸಿ ಅರ್ಧ ಗಂಟೆ ಕಾಯಬೇಕು.